ಎಡಗಡೆಯ ಬಾಗಿಲು

ನಮ್ಮೂರಿನಲ್ಲಿ ಕಾರಿನ ಬಣ್ಣ ಕೆಡುವುದು ನಾಲ್ಕು ಕಾರಣಕ್ಕೆ. ಬಿಸಿಲು, ಹಕ್ಕಿಯ ಹಿಕ್ಕೆ, ತುಕ್ಕು, ಮತ್ತೆ ಕಾರಿನೊಳಗೆ ಕೂತವರು ನುಂಗಿಕೊಂಡ ಮಾತು. ಮೊದಲಿನ ಮೂರಕ್ಕೆ ಎಲ್ಲ ಊರಿನಲ್ಲೂ ಪೇಂಟರುಗಳಿದ್ದಾರೆ. ನಾಲ್ಕನೆಯದಕ್ಕೆ ನಾನಿದ್ದೇನೆ, ಪುಟ್ಟಾಚಾರಿ, ಹಳೇ ನೀರಿನ ಟ್ಯಾಂಕಿನ ಹಿಂದಿನ ಶೆಡ್ಡು. ಬೇರೆ ಯಾರೂ ಇಲ್ಲ ಅಂತಲ್ಲ. ಇದ್ದಾರೆ, ಗುಳ್ಳೆ ಎದ್ದ ಕಡೆ ಹೂವಿನ ಸ್ಟಿಕ್ಕರು ಅಂಟಿಸಿ ಕಳಿಸುವ ಪುಣ್ಯಾತ್ಮರು. ಅವರ ಸುದ್ದಿ ನನ್ನ ಬಾಯಲ್ಲಿ ಬೇಡ.

ಕಾರು ಬಂದ ಕೂಡಲೇ ಯಾವ ಕಾಯಿಲೆ ಅಂತ ನೋಡಬೇಕು. ಬಿಸಿಲು ಹೊಡೆದ ಬಣ್ಣವನ್ನು ಸವರಿದರೆ ಅಂಗೈಗೆ ಸುಣ್ಣದ ಹಾಗೆ ಪುಡಿ ಹತ್ತುತ್ತದೆ. ಹಿಕ್ಕೆ ಬಿದ್ದ ಜಾಗ ತಿಂದುಹೋಗಿರುತ್ತದೆ, ಓರೆಯಾಗಿ ನೋಡಿದರೆ ಅಂಚು ಕಾಣುತ್ತದೆ. ಗುಳ್ಳೆ ಎದ್ದಿದ್ದರೆ ಸೂಜಿಯಿಂದ ಚುಚ್ಚುತ್ತೇನೆ. ಕೆಂಪು ಪುಡಿ ಉದುರಿದರೆ ತುಕ್ಕು. ಏನೂ ಉದುರದೆ, ಒಳಗೆ ತಗಡು ಹೊಸದಾಗಿ ಹೊಳೆಯುತ್ತಿದ್ದರೆ ಅದು ಮಾತಿನ ಗುಳ್ಳೆ. ಯಾರು ಎಲ್ಲಿ ಕೂತು ನುಂಗಿದರೋ ಅವರ ಪಕ್ಕದ ಬಾಗಿಲಿಗೇ ಅದು ಏಳುತ್ತದೆ. ಆ ಮಾತು ಹೊರಗೆ ಬರುವ ತನಕ ಎಷ್ಟು ಸಲ ಕೆರೆದು ಬಣ್ಣ ಹೊಡೆದರೂ ಹೊಸ ಬಣ್ಣವನ್ನೇ ಎತ್ತಿಕೊಂಡು ಮತ್ತೆ ಏಳುತ್ತದೆ.

ಊರಿನವರು ಇದಕ್ಕೆ ಒಗ್ಗಿಹೋಗಿದ್ದಾರೆ. ಹೆಣ್ಣು ನೋಡಲು ಬಂದವರು ಕಾಫಿಗೆ ಮೊದಲು ಅಂಗಳದ ಕಾರಿಗೆ ಒಂದು ಸುತ್ತು ಹಾಕುತ್ತಾರೆ. ಬಾಡಿಗೆ ಕಾರಿನವರು ಸೀಟಿನ ಹಿಂದೆ ‘ಹೇಳುವುದಿದ್ದರೆ ಹೇಳಿ ಇಳಿಯಿರಿ’ ಅಂತ ಬರೆಸಿದ್ದಾರೆ. ಮುನಿಸಿಕೊಂಡ ಗಂಡ ಹೆಂಡತಿ ಬಸ್ಸಿಗೆ ಹೋಗುತ್ತಾರೆ. ಬಸ್ಸಿನ ಗಲಾಟೆಯಲ್ಲಿ ಯಾರು ಏನು ನುಂಗಿದರು ಅಂತ ಬಣ್ಣಕ್ಕೂ ತಿಳಿಯುವುದಿಲ್ಲ.

ನನ್ನ ಶೆಡ್ಡಿನ ಪದ್ಧತಿ ನಮ್ಮಪ್ಪನ ಕಾಲದ್ದು. ಗಿರಾಕಿಯನ್ನು ಗುಳ್ಳೆಯ ಮುಂದೆ ನಿಲ್ಲಿಸಿ ನಾನು ಬಣ್ಣ ಸಿಂಪಡಿಸುವ ಕಂಪ್ರೆಸರ್ ಹಾಕುತ್ತೇನೆ. ಆ ಸದ್ದಿನಲ್ಲಿ ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳಿಸುವುದಿಲ್ಲ. ಅವರು ಬಾಗಿಲಿಗೆ ಮುಖ ಕೊಟ್ಟು ಹೇಳಬೇಕಾದ್ದನ್ನು ಹೇಳುತ್ತಾರೆ, ನಾನು ಬೆನ್ನು ಹಾಕಿ ನಿಂತಿರುತ್ತೇನೆ. ಮುಗಿದ ಮೇಲೆ ಅವರು “ಕೇಳಿಸ್ತಾ ಆಚಾರ್ರೇ?” ಅಂತ ಕೇಳಬೇಕು, ನಾನು “ಏನೂ ಕೇಳಿಸಲಿಲ್ಲ” ಅನ್ನಬೇಕು. ಅಷ್ಟಾದ ಮೇಲೇ ಕೆರೆಯುವ ಕೆಲಸ. ಈ ಊರಿನ ಅರ್ಧ ಜನ ನನ್ನ ಬೆನ್ನ ಹಿಂದೆ ಅತ್ತಿದ್ದಾರೆ. ಒಬ್ಬರದ್ದೂ ನನಗೆ ಗೊತ್ತಿಲ್ಲ. ಅದಕ್ಕೇ ಸಂತೆಯಲ್ಲಿ ಸಿಕ್ಕಾಗ ಎಲ್ಲರೂ ನನ್ನ ಮುಖ ನೋಡಿ ಮಾತಾಡಿಸುತ್ತಾರೆ.

ಕಷ್ಟ ಇರುವುದು ಸತ್ತವರ ಗುಳ್ಳೆಯಲ್ಲಿ. ಹೇಳಬೇಕಾದವರು ಇಲ್ಲ. ಮನೆಯವರು ಊಹೆ ಮಾಡಿ ಹೇಳಬಹುದು, ಸರಿಹೋದರೆ ಬಣ್ಣ ನಿಲ್ಲುತ್ತದೆ. ನಿಲ್ಲದಿದ್ದರೆ ವರ್ಷದ ಕಾರ್ಯಕ್ಕೆ ಮೊದಲು ಕಾರನ್ನು ಊರಾಚೆಯ ಕಲ್ಲು ಕ್ವಾರಿಗೆ ತಳ್ಳಿಬರಬೇಕು. ಅಲ್ಲಿ ಅಂಥವು ಸಾಲಾಗಿ ನಿಂತಿವೆ, ನನಗೆ ಆ ಕಡೆ ಹೋಗಲು ಮನಸ್ಸಾಗುವುದಿಲ್ಲ. ಇನ್ನೊಂದು ಕಟ್ಟುನಿಟ್ಟು: ಬಣ್ಣ ನಿಲ್ಲುವ ತನಕ ಸತ್ತವರ ಸೀಟಿನಲ್ಲಿ ಯಾರೂ ಕೂರಕೂಡದು. ಕಾರನ್ನು ಹೊರಗಿನಿಂದ ತಳ್ಳಿಕೊಂಡು, ಕಿಟಕಿಯಲ್ಲಿ ಕೈ ತೂರಿಸಿ ಸ್ಟೇರಿಂಗ್ ತಿರುಗಿಸಿಕೊಂಡು ಬರುತ್ತಾರೆ.

ಪಾಲಾಕ್ಷಪ್ಪನವರ ಕಾರು ನನ್ನ ಶೆಡ್ಡಿಗೆ ಬಂದದ್ದೂ ಹಾಗೆಯೇ. ಕಡುನೀಲಿ ಕಾರು. ಮುಂದೆ ಅವರ ಅಣ್ಣ ಚನ್ನವೀರಪ್ಪನವರು, ಹಿಂದೆ ತಳ್ಳುವ ನಾಲ್ಕು ಜನ, ಅವರ ಹಿಂದೆ ಒಬ್ಬರೇ ನಡೆದುಕೊಂಡು ವನಜಾಕ್ಷಮ್ಮ, ಪಾಲಾಕ್ಷಪ್ಪನವರ ಹೆಂಡತಿ. ವನಜಾಕ್ಷಮ್ಮ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ನರ್ಸಮ್ಮ ಅನ್ನಬೇಕು. ಈ ಊರಿನ ಮಕ್ಕಳಲ್ಲಿ ಹೆಚ್ಚಿನವು ಅವರ ಕೈಗೇ ಬಿದ್ದಂಥವು, ನನ್ನ ಮಗಳೂ ಸೇರಿ. ನನ್ನ ಹೆಂಡತಿ ನೋವು ತಿನ್ನುತ್ತಿದ್ದಾಗ ಬಾಗಿಲಾಚೆ ನಿಂತ ನನಗೆ ಕೇಳಿಸಿದ್ದು ಆಯಮ್ಮನ ಒಂದೇ ಮಾತು: “ಹೆದರ್ಬೇಡ, ನಾನಿದ್ದೀನಲ್ಲ.” ಎಲ್ಲ ಹೆಂಗಸರಿಗೂ ಅದೇ ಮಾತು. ಇಂಜೆಕ್ಷನ್ನಿಗೆ ಅಳುವ ದೊಡ್ಡ ದೊಡ್ಡ ಗಂಡಸರಿಗೂ ಅದೇ.

ಪಾಲಾಕ್ಷಪ್ಪನವರು ಇನ್ನೊಂದು ಥರ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಯಾವ ಊರಿಗೆ ಅಂತ ಕೂಗುವ ಕೆಲಸದಲ್ಲಿದ್ದವರು, ಮನೆಗೆ ಬಂದರೂ ಬಾಯಿ ನಿಲ್ಲುತ್ತಿರಲಿಲ್ಲ. ಆರಡಿ ಎತ್ತರದ ಆಳು. ಹೊಟ್ಟೆಯಲ್ಲಿ ಏನೂ ಇಟ್ಟುಕೊಳ್ಳುತ್ತಿರಲಿಲ್ಲ. ನನ್ನ ಮೀಸೆ ನೋಡಿ, “ಅದೇನ್ ಆಚಾರ್ರೇ, ಬ್ರಶ್ಶಿಂದ ಬಿದ್ದೋಯ್ತಾ?” ಅಂದಿದ್ದರು. ಅಂಥ ಮನುಷ್ಯನ ಕಾರಿನಲ್ಲಿ, ಡ್ರೈವರ್ ಕಡೆಯ ಬಾಗಿಲಿನಲ್ಲಿ, ಹಿಡಿಯ ಕೆಳಗೆ ಅಂಗೈ ಅಗಲ ಗುಳ್ಳೆ.

“ಬಿಸಿಲಿಗೆ ಇರ್ಬೇಕು ಅಲ್ವಾ ಆಚಾರ್ರೇ?” ಅಂದರು ವನಜಾಕ್ಷಮ್ಮ. “ಹೊರಗಡೇನೇ ನಿಂತಿತ್ತು, ಅಂಗಳದಲ್ಲಿ.”

ನಾನು ಸೂಜಿ ತೆಗೆದೆ. ಚುಚ್ಚಿದೆ. ಒಳಗೆ ತಗಡು ಪಳಪಳ ಅನ್ನುತ್ತಿತ್ತು. ಪಕ್ಕಕ್ಕೆ ಸರಿದು ಅವರಿಗೇ ತೋರಿಸಿದೆ. ನೋಡಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು.

“ಇದು ನಿಲ್ಲಲ್ಲ,” ಅಂದರು ಚನ್ನವೀರಪ್ಪನವರು. ಅವರು ತಮ್ಮನಿಗೆ ತದ್ವಿರುದ್ಧ, ಒಂದು ವಾರದ ಮಾತನ್ನು ಒಂದೇ ವಾಕ್ಯದಲ್ಲಿ ಮುಗಿಸುವವರು. “ಕ್ವಾರಿಗೆ ಹಾಕ್ಸಿಬಿಡೋಣ.”

“ಬೇಡಿ ಭಾವನೋರೆ. ವರ್ಷದ ಕಾರ್ಯಕ್ಕೆ ಇನ್ನೂ ಟೈಮಿದೆ. ನಾನು ಹೇಳಿ ನೋಡ್ತೀನಿ.”

ಅಂದೇ ಮೊದಲ ಸಲ ಹೇಳಿದರು. ನಾನು ಕಂಪ್ರೆಸರ್ ಹಾಕಿ ಬೆನ್ನು ತಿರುಗಿಸಿದೆ. “ಕೇಳಿಸ್ತಾ ಆಚಾರ್ರೇ?” “ಏನೂ ಕೇಳಿಸಲಿಲ್ಲ ನರ್ಸಮ್ಮ.” ಕೆರೆದೆ, ಉಜ್ಜಿದೆ, ಪ್ರೈಮರ್ ಹೊಡೆದು, ತಗ್ಗಿದ್ದ ಕಡೆ ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಬಣ್ಣ ಕೊಟ್ಟು ಮೇಲೆ ಹೊಳಪಿಗೆ ಲ್ಯಾಕರ್ ಎಳೆದೆ. ಕನ್ನಡಿ ಆಯಿತು. ವಾರ ತುಂಬುವುದರೊಳಗೆ ಗುಳ್ಳೆ ಅದೇ ಜಾಗದಲ್ಲಿ ಹಾಜರು.

ಮತ್ತೆ ಬಂದರು, ಮತ್ತೆ ಹೇಳಿದರು. ಮತ್ತೆ ಎದ್ದಿತು. ಹೀಗೇ ಚಳಿಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು. ಬರಬರುತ್ತ ಆಯಮ್ಮ ಇಳಿದುಹೋದರು. ಒಂದು ದಿನ ಶೆಡ್ಡಿನ ಕಲ್ಲಿನ ಮೇಲೆ ಕೂತು, ನಾನು ಕೇಳದೆಯೇ ಬಾಯಿಬಿಟ್ಟರು.

“ನಮಗೆ ಮಕ್ಕಳಾಗ್ಲಿಲ್ವಲ್ಲ ಆಚಾರ್ರೇ, ಆ ನೋವು ಒಳಗೇ ಇಟ್ಕೊಂಡಿದ್ರೇನೋ ಅಂತ ಅದನ್ನ ಹೇಳ್ದೆ. ಅದಲ್ಲ. ನಾನು ಡ್ಯೂಟಿ ಡ್ಯೂಟಿ ಅಂತ ಮನೇಲಿ ಇರ್ತಿರ್ಲಿಲ್ಲ, ಅದಕ್ಕೆ ಬೇಜಾರಿತ್ತೇನೋ ಅಂತ ಅದನ್ನೂ ಹೇಳ್ದೆ. ಅದೂ ಅಲ್ಲ. ಇನ್ನು...” ಅಂತ ನಿಲ್ಲಿಸಿ, ಕೈ ನೋಡಿಕೊಂಡರು. “ಇನ್ನು ಬೇರೆ ಯಾರಾದ್ರೂ ಇದ್ರೇನೋ ಅಂತಾನೂ ಹೇಳಿ ನೋಡ್ದೆ. ಗಂಡನ ಬಾಯಲ್ಲಿ ನಾನೇ ಆ ಮಾತು ಇಟ್ಟೆ ನೋಡಿ. ನಾಚಿಕೆ ಆಗುತ್ತೆ.”

“ಅಯ್ಯೋ, ಬಿಡಿ ನರ್ಸಮ್ಮ. ಪಾಲಾಕ್ಷಪ್ಪನೋರು ಅಂಥೋರಲ್ಲ.”

“ನಾನೂ ಹಾಗೇ ಅಂದ್ಕೊಂಡಿದ್ದೆ. ಪ್ರಪಂಚಕ್ಕೆಲ್ಲ ಬಾಯ್ತುಂಬ ಮಾತಾಡಿ ನಂಗೊಂದು ಮಾತು ಮುಚ್ಚಿಟ್ಟು ಹೋದ್ರು. ಅದೇನು ಅಂತ ಗೊತ್ತಾಗ್ದೆ ಅವರ ಫೋಟೋ ನೋಡೋಕೂ ಆಗ್ತಿಲ್ಲ. ನೋಡಿದಾಗೆಲ್ಲ, ಯಾರಿದು ಅನ್ಸುತ್ತೆ.”

ಗಂಡ ಸತ್ತ ದುಃಖಕ್ಕೆ ಮದ್ದಿಲ್ಲ, ಸರಿ. ಆದರೆ ಇದು ಸತ್ತವನನ್ನು ಮತ್ತೊಮ್ಮೆ ಕಳೆದುಕೊಳ್ಳುವ ಕೆಲಸ. ಆ ಗುಳ್ಳೆಯ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಬಣ್ಣದ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು, ಮತ್ತೆ ಉಜ್ಜಲು ಕೂತೆ.

ಮುಂಗಾರಿನ ಮೊದಲ ವಾರ ಅವರು ಬಂದಾಗ ನಾನು ಕೊನೆಯ ಲ್ಯಾಕರ್ ಎಳೆದು ಕಾರನ್ನು ಶೆಡ್ಡಿನ ಮುಂದಿನ ಇಳಿಜಾರಿನಲ್ಲಿ ಒಣಗಲು ನಿಲ್ಲಿಸಿದ್ದೆ. ವನಜಾಕ್ಷಮ್ಮ ನೆರಳಿಗೂ ಬರದೆ ನಿಂತೇ ಹೇಳಿದರು, “ಭಾವನೋರು ನಾಳೆ ಲಾರಿ ತರಿಸ್ತಾರಂತೆ. ಸೋಮವಾರ ವರ್ಷದ ಕಾರ್ಯ. ಇನ್ನು ಸಾಕು ಆಚಾರ್ರೇ, ನೀವೂ ಎಷ್ಟೂಂತ ಮಾಡ್ತೀರಿ.”

“ಇದೊಂದು ಸಲ ನೋಡೋಣ, ಇರಿ,” ಅನ್ನುತ್ತಿದ್ದ ಹಾಗೇ ಹನಿ ಬಿತ್ತು. ಒಂದಲ್ಲ, ಪಟಪಟ ಅಂತ. ಹಸಿ ಲ್ಯಾಕರ್ ಮೇಲೆ ಮಳೆ ಬಿದ್ದರೆ ಸಿಡುಬು ಬಂದ ಮುಖ ಆಗುತ್ತದೆ. ತಳ್ಳಲು ಜನ ಇಲ್ಲ. ಹ್ಯಾಂಡ್‌ಬ್ರೇಕ್ ಬಿಟ್ಟರೆ ಕಾರು ತಾನೇ ಶೆಡ್ಡಿನೊಳಕ್ಕೆ ಇಳಿಯುತ್ತದೆ, ಆದರೆ ಸ್ಟೇರಿಂಗ್ ಹಿಡಿದು ಬ್ರೇಕ್ ಒತ್ತಲು ಒಳಗೆ ಒಬ್ಬರು ಕೂರಲೇಬೇಕು. “ಶಿವಾ, ನೀನೇ ನೋಡ್ಕೋ” ಅಂತ ಬಾಗಿಲು ತೆಗೆದು ಸತ್ತವರ ಸೀಟಿಗೆ ನುಗ್ಗಿದೆ.

ನುಗ್ಗಲು ಆಗಲಿಲ್ಲ. ಮೊಣಕಾಲು ಸ್ಟೇರಿಂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಹೇಗೋ ಮುದುರಿಕೊಂಡು ಕೂತು ಬ್ರೇಕ್ ಬಿಟ್ಟೆ. ಕಾರು ಮೆಲ್ಲಗೆ ಉರುಳಿ ಶೆಡ್ಡಿನೊಳಗೆ ಬಂದು ನಿಂತಿತು. ಮಳೆ ಜೋರಾಯಿತು. ವನಜಾಕ್ಷಮ್ಮ ಸೆರಗು ತಲೆಗೆ ಹಾಕಿಕೊಂಡು ಓಡಿಬಂದರು. ನಾನು ಇಳಿಯದೆ ಅಲ್ಲೇ ಕೂತಿದ್ದೆ, ಮೊಣಕಾಲು ಉಜ್ಜಿಕೊಳ್ಳುತ್ತ. ನಾನು ಕುಳ್ಳ. ನನ್ನ ಕಾಲೇ ಹಿಡಿಸದ ಜಾಗದಲ್ಲಿ ಆ ಆರಡಿಯ ಮನುಷ್ಯ ಹೇಗೆ ಕೂತಿದ್ದ?

“ನರ್ಸಮ್ಮ, ಈ ಸೀಟು ಇಷ್ಟು ಮುಂದಕ್ಕೆ ಎಳೆದೋರು ಯಾರು?”

ಅವರು ಸೀಟಿನ ಕಡೆ ನೋಡಿದರು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ನಿಮ್ಮನೆಯವ್ರು ಹೋದ್ಮೇಲೆ ಇದರಲ್ಲಿ ಯಾರಾದ್ರೂ ಕೂತಿದ್ರಾ?”

“ಯಾರು ಕೂರ್ತಾರೆ ಆಚಾರ್ರೇ? ಆಸ್ಪತ್ರೆಯಿಂದ ಕಾರನ್ನ ಭಾವನೋರು ಲಾರಿ ಮೇಲೆ ಹೇರಿಸ್ಕೊಂಡು ಬಂದ್ರು. ಆಮೇಲೆ ತಳ್ಕೊಂಡೇ ಓಡಾಡಿರೋದು.” ಸೆರಗು ಹಿಂಡುತ್ತ ಹೇಳಿದರು, “ಸೀಟು ಎಳೆದೋಳು ನಾನೇ.”

“ನೀವಾ? ನಿಮಗೆ ಕಾರು ಬರುತ್ತಾ?”

“ಮುಂಚೆ ಹಳ್ಳಿ ಹಳ್ಳಿಗೆ ಚುಚ್ಚುಮದ್ದು ಹಾಕೋಕೆ ಹೋಗ್ತಿದ್ನಲ್ಲ, ಆಸ್ಪತ್ರೆ ಜೀಪಿನ ಡ್ರೈವರ್ ಕಲಿಸಿದ್ದ. ಆಮೇಲೆ ಬಿಟ್ಟೇ ಬಿಟ್ಟಿದ್ದೆ. ಅವತ್ತು ಅವರು ಊಟಕ್ಕೆ ಕೂತೋರು ಎದೆ ಹಿಡ್ಕೊಂಡ್ರು. ನನಗೆ ನೋಡಿದ ತಕ್ಷಣ ಗೊತ್ತಾಯ್ತು. ಕಾಯೋಕೆ ಟೈಮಿರ್ಲಿಲ್ಲ. ಅವರನ್ನ ಎಡಗಡೆ ಕೂರ್ಸಿ ನಾನೇ ಓಡ್ಸಿದೆ.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ ನರ್ಸಮ್ಮ!” ನನ್ನ ಗಂಟಲು ಏರಿಹೋಗಿತ್ತು.

“ಯಾರೂ ಕೇಳ್ಲಿಲ್ಲ. ಅದು ಅವರ ಬಾಗಿಲು, ಮೊದಲಿಂದ್ಲೂ ಅವರದ್ದೇ. ನಾನು ಕೂತಿದ್ದು ಒಂದೇ ಒಂದ್ಸಲ. ಅಷ್ಟಕ್ಕೆಲ್ಲ ಏಳುತ್ತಾ?”

ನಾನು ಇಳಿದು, ಬಟ್ಟೆ ಮತ್ತು ಕೈದೀಪ ಹಿಡಿದು ಎಡಗಡೆಗೆ ಹೋದೆ. ಆ ಬಾಗಿಲನ್ನು ನಾವು ಯಾರೂ ಸರಿಯಾಗಿ ನೋಡಿರಲೇ ಇಲ್ಲ. ವರ್ಷದ ಧೂಳು ಕೂತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ, ಒಣ ಬಟ್ಟೆಯಿಂದ ಒರೆಸಿದೆ, ಅಂಗೈಯನ್ನು ಮೇಲಿಂದ ಕೆಳಗೆ ಎಳೆದೆ. ಒಂದು ಸಾಸಿವೆಯಷ್ಟೂ ಉಬ್ಬಿರಲಿಲ್ಲ.

“ಬನ್ನಿ ಇಲ್ಲಿ. ಅವರು ಕೂತಿದ್ದು ಈ ಕಡೆ ತಾನೆ? ನೋಡಿ.”

ಅವರು ಬಂದು ನೋಡಿದರು. ಬಣ್ಣದಲ್ಲಿ ಅವರ ಮುಖ ಕಾಣುತ್ತಿತ್ತು.

“ನಿಮ್ಮೆಜಮಾನ್ರು ಏನೂ ಇಟ್ಕೊಂಡು ಹೋಗಿಲ್ಲ ನರ್ಸಮ್ಮ,” ಅಂದೆ. “ಎಲ್ಲಾ ಹೇಳೇ ಹೋಗಿದ್ದಾರೆ.”

ಆಯಮ್ಮ ಆ ಬಾಗಿಲಿಗೆ ಹಣೆ ಕೊಟ್ಟು ನಿಂತುಬಿಟ್ಟರು. ನನ್ನ ಮುಂದೆ ಇಷ್ಟು ಸಲ ಬಂದಿದ್ದರೂ ಅವರು ಅತ್ತದ್ದನ್ನು ನಾನು ಕಂಡದ್ದು ಆಗಲೇ. ಅಳುತ್ತಲೇ ಹೇಳಿದರು, “ದಾರಿಯುದ್ದ ಮಾತಾಡ್ತಾನೇ ಇದ್ರು. ಸುಮ್ನಿರಿ, ಆಯಾಸ ಆಗುತ್ತೆ ಅಂದ್ರೂ ಬಿಡ್ಲಿಲ್ಲ. ಹಿತ್ತಲ ನುಗ್ಗೆ ಮರ ಕಡಿಸ್ಬೇಡ ಅಂದ್ರು. ನಿನ್ನ ಕಟ್ಕೊಂಡು ಚೆನ್ನಾಗೇ ಬದುಕ್ದೆ ಕಣೇ ಅಂದ್ರು. ನೀನು ಮಾಡೋ ಉಪ್ಪಿಟ್ಟು ಮೊದಲಿಂದ್ಲೂ ನಂಗೆ ಸೇರ್ತಿರ್ಲಿಲ್ಲ, ಅದನ್ನೂ ಹೇಳಿಬಿಡ್ತೀನಿ ಅಂದ್ರು.”

ನಗು ಬಂತು ಅವರಿಗೆ, ಅಳುವಿನ ನಡುವೆಯೇ. ಆಮೇಲೆ ಅದೂ ನಿಂತಿತು.

“ಕೊನೆಗೆ, ಹೆದ್ರಿಕೆ ಆಗ್ತಿದ್ಯಾ ವನಜಾ, ಅಂತ ಕೇಳಿದ್ರು.”

“ನೀವೇನಂದ್ರಿ?”

“ಇಲ್ಲ ಅಂದೆ.”

ಶೆಡ್ಡಿನ ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಆ ಗುಳ್ಳೆ ಯಾರು ನುಂಗಿದ ಯಾವ ಮಾತಿಗೆ ಎದ್ದದ್ದು ಅಂತ ಇಬ್ಬರಿಗೂ ತಿಳಿದಿತ್ತು. ನಾನು ಅಭ್ಯಾಸಬಲದಿಂದ ಕಂಪ್ರೆಸರ್ ಕಡೆ ಹೊರಟೆ. ಅವರು ನನ್ನ ಹಿಂದಿನಿಂದ, “ಅದು ಬೇಡ ಆಚಾರ್ರೇ,” ಅಂದರು.

“ಪದ್ಧತಿ ನರ್ಸಮ್ಮ.”

“ಬೇಡ. ಇದುವರೆಗೂ ಆ ಸದ್ದಿಗೇ ಹೇಳಿದ್ದಾಯ್ತು. ಮಳೆ ನಿಲ್ಲಲಿ. ಯಾರಾದ್ರೂ ಕೇಳಿಸ್ಕೊಳ್ಳೋರು ಬೇಕು.”

ಕಾದೆವು. ಮಳೆ ನಿಂತು, ಸೂರಿನಿಂದ ಹನಿ ಬೀಳುವುದಷ್ಟೇ ಉಳಿಯಿತು. ಅವರು ಡ್ರೈವರ್ ಸೀಟಿನಲ್ಲಿ ಕೂತು, ಬಲಗಡೆ ಬಾಗಿಲನ್ನು ಹಸಿ ಬಣ್ಣ ಮುಟ್ಟದ ಹಾಗೆ ಒಳಗಿನಿಂದ ಎಳೆದುಕೊಂಡರು. ಸೀಟು ಅವರಿಗೆ ಸರಿಯಾಗಿತ್ತು. ಸ್ಟೇರಿಂಗ್ ಹಿಡಿದು, ನನ್ನ ಕಡೆ ನೋಡದೆ, “ಆ ಕಡೆ ಕೂತ್ಕೊಳ್ಳಿ,” ಅಂದರು.

ನನಗೆ ಹೆದರಿಕೆಯಾಯಿತು. ಸತ್ತವರ ಸೀಟು ಅಂತಲ್ಲ. ಆ ಬಾಗಿಲು. ಇಡೀ ಊರಿನಲ್ಲಿ ನಾನು ಕಂಡ ಅತ್ಯಂತ ಶುಭ್ರವಾದ ಬಾಗಿಲು ಅದು. ಅಲ್ಲಿ ಕೂತು ನಾನೇನಾದರೂ ನುಂಗಿದರೆ ಅದಕ್ಕೆ ಗುಳ್ಳೆ ಬರುತ್ತದೆ. ಆದರೂ ಹೋಗಿ ಕೂತೆ. ಬಾಗಿಲು ಹಾಕಿಕೊಂಡೆ.

ವನಜಾಕ್ಷಮ್ಮ ಎದುರಿನ ಗೋಡೆ ನೋಡಿದರು. ಆಮೇಲೆ ಹೇಳಿದರು.

“ಹೌದು ರೀ. ಹೆದ್ರಿಕೆ ಆಗ್ತಿದೆ. ತುಂಬಾ ಹೆದ್ರಿಕೆ ಆಗ್ತಿದೆ. ನೀವು ಹೋಗ್ತೀರ ಅಂತ ನಂಗೆ ಗೊತ್ತು. ನಂಗೆ ಏನೂ ಮಾಡೋಕೆ ಬರ್ತಿಲ್ಲ.”

ದೊಡ್ಡದಾಗಿ ಹೇಳಲಿಲ್ಲ. ನನ್ನ ಅಷ್ಟು ವರ್ಷದ ಕೆಲಸದಲ್ಲಿ ನಾನು ಕೇಳಿದ ಮೊದಲ ಮಾತು ಅದು. ಆಮೇಲೆ ಅವರು ಕಣ್ಣು ಒರೆಸಿಕೊಳ್ಳದೆ ಕೇಳಿದರು, “ಕೇಳಿಸ್ತಾ?”

ನಾಲಿಗೆಯ ತುದಿಗೆ ಹಳೇ ಉತ್ತರ ಬಂದೇಬಿಟ್ಟಿತ್ತು. ನಮ್ಮಪ್ಪ ಹೇಳಿಕೊಟ್ಟ ಉತ್ತರ, ನಿದ್ದೆಯಲ್ಲಿ ಎಬ್ಬಿಸಿದರೂ ನಾನು ಹೇಳುವಂಥದ್ದು. ಮೊಣಕೈ ಆ ಬಾಗಿಲಿಗೆ ತಾಗುತ್ತಿತ್ತು.

“ಕೇಳಿಸ್ತು,” ಅಂದೆ. “ಕೇಳಿಸ್ತು ತಾಯಿ. ಎಲ್ಲಾ ಕೇಳಿಸ್ತು.” ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಒಳಗೆ ಇನ್ನೂ ಇತ್ತು, ಉಳಿಸಿಕೊಂಡು ಇಳಿಯುವ ಹಾಗಿರಲಿಲ್ಲ. “ನನ್ನ ಹೆಂಡ್ತಿ ಹೆರಿಗೇಲಿ ನಾನು ಬಾಗಿಲಾಚೆ ನಿಂತು ನಡುಗ್ತಿದ್ದೆ. ನೀವು ಹೆದರ್ಬೇಡ ಅಂದಿದ್ದಕ್ಕೇ ನನ್ನ ನಡುಕ ನಿಂತಿದ್ದು. ಊರಿಗೆಲ್ಲ ನೀವು ಹಾಗಂದ್ರಿ. ನಿಮಗೂ ಹೆದ್ರಿಕೆ ಆಗುತ್ತೆ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೀಲಿಲ್ಲ.”

ಅವರು ತಲೆಯಾಡಿಸಿದರು. ಇಬ್ಬರೂ ಬಾಗಿಲು ತೆಗೆದು ಇಳಿದೆವು. ಹೇಳುವುದು ಏನೂ ಉಳಿದಿರಲಿಲ್ಲ.

ಮರುದಿನ ಲಾರಿ ಬಂತು. ನಾನು ಚನ್ನವೀರಪ್ಪನವರಿಗೆ ಅಡ್ಡ ನಿಂತು, “ಸೋಮವಾರದ ತನಕ ಬಿಡಿ ಸ್ವಾಮಿ, ಎದ್ದರೆ ನಾನೇ ತಳ್ಕೊಂಡು ಬರ್ತೀನಿ,” ಅಂತ ಹೇಳಿ ಖಾಲಿ ಲಾರಿ ವಾಪಸು ಕಳಿಸಿದೆ. ಬಲಗಡೆಯ ಬಾಗಿಲನ್ನು ಮತ್ತೆ ತಗಡಿನ ತನಕ ಕೆರೆದು ಮೊದಲಿನಿಂದ ಬಣ್ಣ ಕಟ್ಟಿದೆ. ಎಡಗಡೆಯದನ್ನು ಮುಟ್ಟಲಿಲ್ಲ, ಪಾಲಿಶ್ ಕೂಡ ಮಾಡಲಿಲ್ಲ. ದಿನಕ್ಕೆ ಹತ್ತು ಸಲ ಎರಡೂ ಕಡೆ ಹೋಗಿ ಕೈ ಆಡಿಸಿದೆ. ಬಣ್ಣ ನಿಂತಿತು.

ಸೋಮವಾರ ಬೆಳಿಗ್ಗೆ ವನಜಾಕ್ಷಮ್ಮ, ಚನ್ನವೀರಪ್ಪನವರು ಇಬ್ಬರೂ ಬಂದರು. ಬ್ಯಾಟರಿ ಹೊಸದು ಹಾಕಿಟ್ಟಿದ್ದೆ. ಒಳಗೆ ಒರೆಸಲು ಸೀಟನ್ನು ಹಿಂದಕ್ಕೆ ಸರಿಸಹೊರಟರೆ ವನಜಾಕ್ಷಮ್ಮ, “ಅದು ಅಲ್ಲೇ ಇರ್ಲಿ ಆಚಾರ್ರೇ,” ಅಂದರು. ಚನ್ನವೀರಪ್ಪನವರು ಗಂಡಸಿನ ಅಭ್ಯಾಸದಂತೆ ಡ್ರೈವರ್ ಕಡೆಗೆ ನಡೆದಿದ್ದರು.

“ಈ ಕಡೆ ನಾನು, ಭಾವನೋರೆ. ನೀವು ಆ ಕಡೆ ಬನ್ನಿ.”

ಅವರು ಸುತ್ತಿಕೊಂಡು ಎಡಗಡೆಗೆ ಬಂದರು. ಬಾಗಿಲಿಗೆ ಕೈ ಹಾಕುವ ಮುಂಚೆ ನಿಂತು, ಪಂಚೆಯ ತುದಿಗೆ ಕೈ ಒರೆಸಿಕೊಂಡರು. ಅವರಿಗೆ ನಾನು ಎಲ್ಲ ತಿಳಿಸಿದ್ದೆ, ಅವರ ತಮ್ಮ ಆ ಸೀಟಿನಲ್ಲಿ ಏನೂ ಉಳಿಸಿಕೊಳ್ಳದೆ ಹೋದದ್ದನ್ನೂ ಸೇರಿಸಿ. ಅವರು ಒಳಗೆ ಕೂತ ಮೇಲೆ ಕಿಟಕಿಯಲ್ಲಿ ಬಗ್ಗಿ ಮೆಲ್ಲಗೆ ಅಂದೆ, “ಸ್ವಾಮಿ, ಈ ಬಾಗಿಲು ಹೀಗೇ ಇರ್ಬೇಕು. ನೋಡ್ಕೊಳ್ಳಿ.”

ಅವರು ನನ್ನನ್ನು ನೋಡಿದರು. ಮೊಣಕೈಯನ್ನು ಬಾಗಿಲಿನಿಂದ ಈಚೆಗೆ ಎಳೆದುಕೊಂಡರು. ವನಜಾಕ್ಷಮ್ಮ ಗೇರು ಹಾಕಿ, ಒಂದು ಸಲ ಎಳೆದಾಡಿ, ಆಮೇಲೆ ಸರಿಯಾಗಿ ರಸ್ತೆಗೆ ತಂದರು. ಟ್ಯಾಂಕಿನ ಹತ್ತಿರ ಕಾರು ತಿರುಗುವಾಗ ಎಡಗಡೆಯ ಕಿಟಕಿ ನನ್ನ ಕಡೆಗೆ ಬಂತು. ಚನ್ನವೀರಪ್ಪನವರು ಏನೋ ಹೇಳುತ್ತಿದ್ದರು, ಬಾಯಿ ಆಡುತ್ತಲೇ ಇತ್ತು.